ಕೆರೆಯ ದಂಡೆಯಲ್ಲಿ ಮುಂಜಾವಿನ ಓಟ



ಓಟದ ತರಬೇತಿಯ ಬಗ್ಗೆ ಒಂದು ಕಾರ್ಯಕ್ರಮ ಮಾಡಬೇಕು ಎಂದು ಗೊತ್ತಾದಾಗ ನಮ್ಮ ತಂಡದ ಎಲ್ಲರ ಕಣ್ಣ ಮುಂದೆಯೂ ಮೂಡಿದ್ದು ಒಂದೇ ಚಿತ್ರ. ನಸುಕಿನ ಬೆಳಕು, ಒದ್ದೆ ಮರಳು, ಅಲೆಯ ಅಂಚಿನಲ್ಲಿ ಒಬ್ಬಂಟಿಯಾಗಿ ಓಡುತ್ತಿರುವ ಯುವಕ. ಸಿನಿಮಾದಲ್ಲಿ, ಜಾಹೀರಾತಿನಲ್ಲಿ ನೀವೂ ಇದನ್ನು ಎಷ್ಟೋ ಸಲ ನೋಡಿರುತ್ತೀರಿ. ಹಾಗಾಗಿ ಅಕ್ಟೋಬರ್ ತಿಂಗಳಲ್ಲಿ ನಾವು ಮೊದಲು ಹೋದದ್ದು ಕಾರವಾರಕ್ಕೆ.

ಅಲ್ಲಿ ನಡೆದದ್ದನ್ನು ಹೇಳಲು ಸ್ವಲ್ಪ ಸಂಕೋಚವೇ. ರಾತ್ರಿ ಕ್ಯಾಮೆರಾವನ್ನು ವಸತಿಗೃಹದ ಹವಾನಿಯಂತ್ರಿತ ಕೋಣೆಯಲ್ಲಿ ಇಟ್ಟಿದ್ದೆವು. ಬೆಳಗಿನ ಐದೂವರೆಗೆ ಅದನ್ನು ಕಡಲ ದಂಡೆಗೆ ತಂದು ಮುಚ್ಚಳ ತೆಗೆದರೆ ಲೆನ್ಸ್ ತುಂಬ ಮಂಜು. ಒರೆಸಿದಷ್ಟೂ ಮತ್ತೆ ಮೂಡುತ್ತಿತ್ತು. ಛಾಯಾಗ್ರಾಹಕರು ಗೊಣಗುತ್ತ ಬಟ್ಟೆಯಿಂದ ಉಜ್ಜುತ್ತಿದ್ದರು, ನಾನು ಗಡಿಯಾರ ನೋಡುತ್ತಿದ್ದೆ. ಗಾಜು ತಿಳಿಯಾಗುವ ಹೊತ್ತಿಗೆ ನಮಗೆ ಬೇಕಿದ್ದ ಬೆಳಕು ಹೋಗಿಯೇ ಬಿಟ್ಟಿತ್ತು. ನಾವು ಚಿತ್ರೀಕರಿಸಬೇಕೆಂದಿದ್ದ ಯುವಕ ಅಷ್ಟರಲ್ಲಿ ಎರಡು ಸುತ್ತು ಓಡಿ ಬಂದಿದ್ದ. ಅವನ ಅಂಗಿಯನ್ನು ಹಿಂಡಿದ್ದರೆ ಒಂದು ಲೋಟ ನೀರು ಬರುತ್ತಿತ್ತು. ಬಿಸಿಲು ಇನ್ನೂ ಬಂದಿರಲಿಲ್ಲ.

ವಿಜ್ಞಾನ ಪದವೀಧರನಾದ ನನಗೆ ಆಗಲೇ ಹೊಳೆಯಬೇಕಿತ್ತು, ಆ ಲೆನ್ಸಿನ ಮಬ್ಬು ಮತ್ತು ಆ ಹುಡುಗನ ಒದ್ದೆ ಅಂಗಿ ಎರಡೂ ಒಂದೇ ವಿಷಯವನ್ನು ಹೇಳುತ್ತಿವೆ ಎಂದು. ಹೊಳೆದದ್ದು ಮಾತ್ರ ಎರಡು ತಿಂಗಳ ನಂತರ, ಸಮುದ್ರದಿಂದ ಬಹುದೂರದ ವಿಜಯಪುರದಲ್ಲಿ.

ವಿಜಯಪುರ ಎಂದೊಡನೆ ನಿಮಗೆ ನೆನಪಾಗುವುದು ಗೋಲಗುಮ್ಮಟ, ಬಿಸಿಲು, ಬಿಳಿಜೋಳ. ಚಳಿ ನೆನಪಾಗುವುದಿಲ್ಲ. ಆದರೆ ಡಿಸೆಂಬರ್, ಜನವರಿಯ ದಿನಪತ್ರಿಕೆಗಳ ಹವಾಮಾನ ಅಂಕಣವನ್ನು ಗಮನಿಸಿ. ರಾಜ್ಯದ ಬಯಲುಸೀಮೆಯ ಅತಿ ಕಡಿಮೆ ಉಷ್ಣಾಂಶ ದಾಖಲಾದ ಊರುಗಳ ಪೈಕಿ ವಿಜಯಪುರದ ಹೆಸರು ಆಗಾಗ ಕಾಣಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರೇ ಚಳಿಗಾಲದ ನಸುಕಿನಲ್ಲಿ ಗಡಗಡ ನಡುಗುತ್ತದೆ.

ನಾವು ಅಲ್ಲಿಗೆ ಹೋದದ್ದು ಡಿಸೆಂಬರ್ ಕೊನೆಯ ವಾರದಲ್ಲಿ. ಬೆಳಗಿನ ಐದೂಮುಕ್ಕಾಲಿಗೆ ಭೂತನಾಳ ಕೆರೆಯ ಬಳಿ ಜೀಪು ನಿಲ್ಲಿಸಿದಾಗ ಇನ್ನೂ ಪೂರ್ತಿ ಕತ್ತಲೆ. ಆ ದಿನಗಳಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ ಏಳು ಗಂಟೆಗೆ. ಕತ್ತಲೆಯೊಳಗಿಂದ ಮೊದಲು ಕೇಳಿದ್ದು ಬೂಟುಗಳ ಸದ್ದು, ಆಮೇಲೆ ಏದುಸಿರು, ಆಮೇಲೆ ಮನುಷ್ಯರು. ಹದಿನೈದು ಇಪ್ಪತ್ತು ಮಂದಿ ಇದ್ದರು. ಬಹುತೇಕ ಟಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳ ಹುಡುಗರು, ಜೊತೆಗೆ ನಾಲ್ಕು ಹುಡುಗಿಯರು. ನಗರದಲ್ಲಿ ಕೋಣೆ ಮಾಡಿಕೊಂಡು ಕಾಲೇಜು, ಸ್ಪರ್ಧಾತ್ಮಕ ಪರೀಕ್ಷೆ ಎಂದು ಓದುತ್ತಿರುವವರು. ಯಾರಿಗೂ ತರಬೇತುದಾರರಿಲ್ಲ. ಹಿಂದಿನ ವರ್ಷ ಓಡಿದವನು ಈ ವರ್ಷದವರಿಗೆ ಗುರು.

ಅವರು ಓಡುವುದು ಹವ್ಯಾಸಕ್ಕಲ್ಲ. ರಾಜ್ಯದ ಪೊಲೀಸ್ ಕಾನ್ಸ್‌ಟೇಬಲ್ ನೇಮಕಾತಿಗಳಲ್ಲಿ ಪುರುಷರಿಗೆ 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನಲ್ಲಿ, ಮಹಿಳೆಯರಿಗೆ 400 ಮೀಟರ್ ಓಟವನ್ನು 2 ನಿಮಿಷದಲ್ಲಿ ಮುಗಿಸಬೇಕೆಂದು ಕೇಳುತ್ತ ಬಂದಿದ್ದಾರೆ. ಸೈನ್ಯಕ್ಕೆ ಸೇರಬಯಸುವವರು ಇನ್ನೂ ಬೇಗ ಓಡಬೇಕು. ವರ್ಷಗಟ್ಟಲೆ ಓದಿದ್ದು ಒಂದು ತೂಕವಾದರೆ ಆ ಆರು ನಿಮಿಷ ಇನ್ನೊಂದು ತೂಕ. ಮನೆಯಲ್ಲಿ ಹೊಲ ಮಾರದೆ ಓದಿಸುತ್ತಿರುವ ಅಪ್ಪ, ನೌಕರಿಯ ದಾರಿ ನೋಡುತ್ತಿರುವ ಅವ್ವ ಇದ್ದಾಗ ಆ ಸೆಕೆಂಡುಗಳ ಬೆಲೆ ಏನೆಂದು ನಾನು ಹೇಳಬೇಕಿಲ್ಲ.

ಒಬ್ಬ ಹುಡುಗನನ್ನು ಮಾತಿಗೆಳೆದೆ. ಕಾರವಾರದ ಸುದ್ದಿ ಹೇಳಿದಾಗ ಅವನ ಮುಖ ಅರಳಿತು.

“ಸಮುದ್ರದ ದಂಡೀ ಮ್ಯಾಲೆ ಓಡೂದು ಬಾಳ ಚಲೋ ಅಲ್ರೀ ಸರ್? ತಂಪು ಗಾಳಿ ಬೀಸತಿರತೈತಿ. ನಮಗೆಲ್ಲಿ ಸಮುದ್ರ ಬರಬೇಕು!”

ಹಿಂದೆ ನಿಂತಿದ್ದ ಹುಡುಗಿ ಕೆರೆಯ ಕಡೆ ಕೈ ಮಾಡಿ, “ನಮ್ಮ ಸಮುದ್ರ ಇದ ನೋಡ್ರಿ. ಉಪ್ಪಿಲ್ಲ ಅಷ್ಟ” ಎಂದಳು. ಎಲ್ಲರೂ ನಕ್ಕರು.

ಅವಳು ನಗೆಗೆ ಹೇಳಿದ ಮಾತಿನಿಂದಲೇ ನಾನು ಆರಂಭಿಸುತ್ತೇನೆ. ಆಗ ನಮ್ಮ ಉಷ್ಣಮಾಪಕ 13 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಕೆರೆಯ ನೀರಿನ ಮೇಲೆ ತೆಳುವಾದ ಹಬೆ ಏಳುತ್ತಿತ್ತು. ನೀರಲ್ಲಿ ಕೈ ಅದ್ದಿ ನೋಡಿ ಎಂದೆ. ಅದ್ದಿದವರೆಲ್ಲ “ಬೆಚ್ಚಗೈತ್ರೀ!” ಎಂದು ಆಶ್ಚರ್ಯಪಟ್ಟರು. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಅದರ ವಿಶಿಷ್ಟೋಷ್ಣ ಒಣಮಣ್ಣಿನದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಎಂದು ಪ್ರೌಢಶಾಲೆಯಲ್ಲಿ ಓದಿರುತ್ತೀರಿ. ಮೇಲಾಗಿ ನೀರು ಕದಡಿ ಬೆರೆಯುವುದರಿಂದ ಅದರ ಶಾಖ ಆಳದವರೆಗೂ ಹಂಚಿಕೊಂಡಿರುತ್ತದೆ. ಮಣ್ಣು ಹಾಗಲ್ಲ. ಹಗಲು ಪಡೆದ ಶಾಖವನ್ನು ಮೇಲಿನ ಪದರದಲ್ಲಷ್ಟೇ ಇಟ್ಟುಕೊಂಡು ರಾತ್ರಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ, ಗಾಳಿಯಲ್ಲಿ ತೇವವಿದ್ದರೆ ಅದು ಕಂಬಳಿಯಂತೆ ಆ ಶಾಖವನ್ನು ತಡೆಯುತ್ತದೆ. ಡಿಸೆಂಬರಿನ ವಿಜಯಪುರದಲ್ಲಿ ಬಹುಪಾಲು ರಾತ್ರಿಗಳಲ್ಲಿ ಮೋಡವೂ ಇಲ್ಲ, ತೇವವೂ ಇಲ್ಲ. ರಾತ್ರಿ ಸುಮಾರು 13 ಗಂಟೆ ಉದ್ದ. ಹೀಗಾಗಿ ನೆಲ ತಣಿಯುತ್ತಲೇ ಹೋಗಿ ಅತಿ ಹೆಚ್ಚು ಚಳಿ ಬೀಳುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿನಲ್ಲಿ.

ಕಾರವಾರದಲ್ಲಿ ಒಂದು ಇಡೀ ಅರಬ್ಬೀ ಸಮುದ್ರ ಪಕ್ಕದಲ್ಲಿದೆ. ರಾತ್ರಿಯೆಲ್ಲ ಅದು ಊರನ್ನು ಬೆಚ್ಚಗೂ ಒದ್ದೆಯಾಗಿಯೂ ಇಡುತ್ತದೆ. ಇಲ್ಲೊಂದು ಸ್ವಾರಸ್ಯ ಹೇಳಬೇಕು. ನಸುಕಿನಲ್ಲಿ ಕಡಲ ದಂಡೆಯ ಮೇಲೆ ಬೀಸುವ ಗಾಳಿ ಸಮುದ್ರದಿಂದ ಬರುವುದಲ್ಲ. ಆಗ ನೆಲವೇ ಸಮುದ್ರಕ್ಕಿಂತ ತಣ್ಣಗಿರುವುದರಿಂದ ಗಾಳಿ ನೆಲದಿಂದ ಕಡಲಿನತ್ತ ಹೋಗುತ್ತದೆ. ಕಡಲಗಾಳಿ ಆರಂಭವಾಗುವುದು ಬಿಸಿಲೇರಿದ ಮೇಲೆ. ಸಿನಿಮಾದವರು ನಸುಕಿನ ದೃಶ್ಯದಲ್ಲಿ ನಾಯಕನ ಕೂದಲನ್ನು ಸಮುದ್ರದ ಕಡೆಯಿಂದ ಹಾರಿಸುತ್ತಾರಲ್ಲ, ಅದು ಫ್ಯಾನಿನ ಗಾಳಿ!

ಈಗ ಓಟಕ್ಕೆ ಬರೋಣ. ಪೆನ್ಸಿಲ್, ಕಾಗದ ಹತ್ತಿರವಿದ್ದರೆ ಈ ಲೆಕ್ಕವನ್ನು ನೀವೂ ಮಾಡಿ.

ಸಮತಟ್ಟಾದ ದಾರಿಯಲ್ಲಿ ಓಡುವವನು ತನ್ನ ತೂಕದ ಪ್ರತಿ ಕಿಲೋಗೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಶಕ್ತಿ ಖರ್ಚು ಮಾಡುತ್ತಾನೆ. 60 ಕಿಲೋ ತೂಕದ ಹುಡುಗನಿಗೆ ಕಿಲೋಮೀಟರಿಗೆ 60 ಕಿಲೋಕ್ಯಾಲೊರಿ. ನಮ್ಮ ಸ್ನಾಯು ಎಂಬ ಯಂತ್ರ ಅಷ್ಟೇನೂ ದಕ್ಷವಲ್ಲ. ಈ ಶಕ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಶಾಖವಾಗಿಯೇ ಹೊರಬೀಳುತ್ತದೆ. ಕನಿಷ್ಠ 45ರಿಂದ 50 ಕಿಲೋಕ್ಯಾಲೊರಿ ಎಂದಿಟ್ಟುಕೊಳ್ಳಿ. 60 ಕಿಲೋ ತೂಕದ ದೇಹವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖವೂ ಸರಿಸುಮಾರು ಅಷ್ಟೇ, 50 ಕಿಲೋಕ್ಯಾಲೊರಿ. ಅಂದರೆ ಹುಟ್ಟಿದ ಶಾಖ ಹೊರಗೆ ಹೋಗದೇ ಒಳಗೇ ಉಳಿದರೆ ಒಂದು ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿಯಂತೆ ಮೈ ಕಾಯುತ್ತ ಹೋಗಬೇಕು. 37ರಿಂದ ಹೊರಟವನು ನಾಲ್ಕು ಕಿಲೋಮೀಟರ್ ಮುಗಿಸುವಾಗ 41ಕ್ಕೆ ಹತ್ತಿರವಿರಬೇಕು. 40 ದಾಟಿದರೆ ಮಿದುಳು ಅಪಾಯಕ್ಕೆ ಸಿಕ್ಕುತ್ತದೆ ಎಂದು ವೈದ್ಯರು ಹೇಳುತ್ತಾರೆ.

ಈ ಲೆಕ್ಕ ಕೇಳಿ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಗುಂಪಿನಲ್ಲಿ ಕೆಲವರು ದಿನವೂ ಎಂಟು ಹತ್ತು ಕಿಲೋಮೀಟರ್ ಓಡುವವರು. ಅವರಿಗೆ ಏನೂ ಆಗದಿರುವುದಕ್ಕೆ ಕಾರಣ, ದೇಹ ಆ ಶಾಖವನ್ನು ಹೊರಹಾಕಲು ಎರಡು ದಾರಿ ಇಟ್ಟುಕೊಂಡಿದೆ. ಒಂದು, ಚರ್ಮದಿಂದ ನೇರವಾಗಿ ಗಾಳಿಗೆ. ಚರ್ಮ 33 ಡಿಗ್ರಿ, ಗಾಳಿ 13 ಡಿಗ್ರಿ ಇದ್ದರೆ ಶಾಖ ಓಡೋಡಿ ಹೋಗುತ್ತದೆ. ಗಾಳಿಯೂ 33 ಆದರೆ ಆ ದಾರಿ ಮುಚ್ಚಿದಂತೆಯೇ. ಇನ್ನೊಂದು ದಾರಿ ಬೆವರು. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಇದೇ ಬಾಷ್ಪೀಭವನದ ಗುಪ್ತೋಷ್ಣ. ಆದರೆ ಆವಿಯಾದರೆ ಮಾತ್ರ, ಈ ಮಾತನ್ನು ಗಟ್ಟಿಯಾಗಿ ನೆನಪಿಡಿ. ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು, ಅಂಗಿಯಲ್ಲಿ ಇಂಗಿ ಹಿಂಡಿದರೆ ಬರುವ ಬೆವರು, ಇವು ಹೆಚ್ಚುಕಡಿಮೆ ವ್ಯರ್ಥ. ಕಾರವಾರದ ಆ ಯುವಕ ಹೆಚ್ಚು ಬೆವೆತಿದ್ದ, ಆದರೆ ತಣಿದಿರಲಿಲ್ಲ.

ಯಾಕೆ ಎಂದರೆ ಗಾಳಿ ಆವಿಯನ್ನು ಹೊರುವುದಕ್ಕೂ ಒಂದು ಮಿತಿ ಇದೆ. 33 ಡಿಗ್ರಿಯ ಒದ್ದೆ ಚರ್ಮಕ್ಕೆ ತಾಗಿಕೊಂಡಿರುವ ಗಾಳಿಯ ಪದರದಲ್ಲಿ ಘನಮೀಟರಿಗೆ ಸುಮಾರು 35 ಗ್ರಾಂ ನೀರಾವಿ ಇರುತ್ತದೆ. ಹೊರಗಿನ ಗಾಳಿಯಲ್ಲಿ ಅದಕ್ಕಿಂತ ಎಷ್ಟು ಕಡಿಮೆ ಇದೆಯೋ ಬೆವರು ಅಷ್ಟು ಬೇಗ ಆರುತ್ತದೆ. ಕರಾವಳಿಯ ನಸುಕಿನ ಗಾಳಿ 25 ಡಿಗ್ರಿ, ಆರ್ದ್ರತೆ ಶೇಕಡಾ 90 ಎಂದಿಟ್ಟುಕೊಳ್ಳೋಣ. ಅದರಲ್ಲಿ ಆಗಲೇ 21 ಗ್ರಾಂ ಆವಿ ತುಂಬಿದೆ. ವಿಜಯಪುರದ 13 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆ ಶೇಕಡಾ 75 ಎಂದುಕೊಂಡರೂ ಇರುವುದು ಎಂಟೂವರೆ ಗ್ರಾಂ ಅಷ್ಟೇ. ಕರಾವಳಿಯಲ್ಲಿ ಅಂತರ 14, ಇಲ್ಲಿ 26. ಹೆಚ್ಚುಕಡಿಮೆ ಎರಡು ಪಟ್ಟು.

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಶೇಕಡಾ 75, ಶೇಕಡಾ 90 ಇವೆರಡರ ನಡುವೆ ಅಂಥ ದೊಡ್ಡ ವ್ಯತ್ಯಾಸವೇನೂ ಕಾಣುವುದಿಲ್ಲ. ಆದರೆ ಅದು ಸಾಪೇಕ್ಷ ಆರ್ದ್ರತೆ. ಗಾಳಿ ಆ ಉಷ್ಣತೆಯಲ್ಲಿ ಹೊರಬಲ್ಲ ಆವಿಯ ಎಷ್ಟು ಪಾಲು ಹೊತ್ತಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಸಣ್ಣ ಚೊಂಬಿನ ಮುಕ್ಕಾಲು ಭಾಗವೂ ದೊಡ್ಡ ಕೊಡದ ಮುಕ್ಕಾಲು ಭಾಗವೂ ಒಂದೇ ಆಗುತ್ತದೆಯೇ? ನಮ್ಮ ಲೆನ್ಸಿಗೆ ಆದದ್ದೂ ಇದೇ. ಎ.ಸಿ. ಕೋಣೆಯಲ್ಲಿ ತಣ್ಣಗಾಗಿದ್ದ ಗಾಜಿಗೆ ಕಾರವಾರದ ಆವಿ ತುಂಬಿದ ಗಾಳಿ ತಾಗಿ ನೀರಾಗಿ ಕೂತಿತ್ತು. ವಿಜಯಪುರದಲ್ಲಿ ಕ್ಯಾಮೆರಾ ರಾತ್ರಿಯೆಲ್ಲ ಜೀಪಿನಲ್ಲೇ ಬಿದ್ದಿತ್ತು. ಒಂದು ಹನಿ ಮಂಜು ಕಟ್ಟಲಿಲ್ಲ.

ಗುಂಪಿನಲ್ಲಿ ಒಬ್ಬ ಹುಡುಗ ಪ್ಲಾಸ್ಟಿಕ್ಕಿನಂಥ ಬಟ್ಟೆಯ ದಪ್ಪ ಜಾಕೀಟು ಹಾಕಿಕೊಂಡು, ಅದರ ಕೆಳಗೆ ಸ್ವೆಟರನ್ನೂ ಹಾಕಿಕೊಂಡು ಓಡುತ್ತಿದ್ದ. ಕೇಳಿದರೆ, “ಬೆವರ ಬಂದ್ರ ಕೊಬ್ಬು ಇಳೀತೈತಿ ಅಂತಾರ್ರೀ” ಎಂದ. ಬೆವರಿನೊಂದಿಗೆ ಹೋಗುವುದು ನೀರು ಮತ್ತು ಉಪ್ಪು, ಕೊಬ್ಬಲ್ಲ. ಒಂದು ಚೊಂಬು ನೀರು ಕುಡಿದರೆ ಆ ತೂಕ ಮರಳಿ ಬರುತ್ತದೆ. ದೇವರು ಕೊಟ್ಟ ಒಣ ಹವೆಯನ್ನು ಬಿಟ್ಟು ಅವನು ತನ್ನ ಮೈಸುತ್ತ ಒಂದು ಕಾರವಾರವನ್ನು ತಾನೇ ಹೊದ್ದುಕೊಂಡಿದ್ದ. ಚಳಿ ಎನಿಸಿದರೆ ಮೊದಲ ಹತ್ತು ನಿಮಿಷ ನಿಧಾನವಾಗಿ ನಡೆದು, ಓಡಿ, ಮೈ ಕಾಯಿಸಿಕೊಳ್ಳಿ. ತಣ್ಣನೆಯ ಸ್ನಾಯುವನ್ನು ಒಮ್ಮೆಲೇ ಜಗ್ಗಬಾರದು. ಆಮೇಲೆ ಸ್ವೆಟರ್ ತೆಗೆದಿಟ್ಟು ಓಡಿ, ಓಟ ಮುಗಿದ ಕೂಡಲೇ ಮತ್ತೆ ಹಾಕಿಕೊಳ್ಳಿ. ದೇಹ ಶಾಖ ಹುಟ್ಟಿಸುವುದನ್ನು ನಿಲ್ಲಿಸಿದ ಮೇಲೂ ಒದ್ದೆ ಅಂಗಿ ಶಾಖ ಎಳೆಯುತ್ತಲೇ ಇರುತ್ತದೆ.

ಬಿಸಿಲಿಲ್ಲದಿದ್ದರೆ ಸಾಕು, ಓಡಬಹುದು ಎಂದು ನೀವು ಅಂದುಕೊಂಡಿದ್ದರೆ ದೋಹಾ ನಗರದ ಕಥೆ ಕೇಳಿ. 2019ರ ವಿಶ್ವ ಅಥ್ಲೆಟಿಕ್ ಚಾಂಪಿಯನ್‌ಶಿಪ್ ಅಲ್ಲಿ ನಡೆಯಿತು. ಮರುಭೂಮಿಯ ಬಿಸಿಲನ್ನು ತಪ್ಪಿಸಬೇಕೆಂದು ಮಹಿಳೆಯರ ಮ್ಯಾರಥಾನನ್ನು ಸೆಪ್ಟೆಂಬರ್ 27ರ ರಾತ್ರಿ 11 ಗಂಟೆ 59 ನಿಮಿಷಕ್ಕೆ ಆರಂಭಿಸಿದರು. ದಾರಿ ಸಮುದ್ರದ ದಂಡೆಯ ಮೇಲೆಯೇ. ನಡುರಾತ್ರಿ, ಕಡಲ ತೀರ, ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಉಷ್ಣತೆ 30 ಡಿಗ್ರಿಗಿಂತ ಮೇಲಿತ್ತು, ಆರ್ದ್ರತೆ ಶೇಕಡಾ 70ರ ಮೇಲೆ. ಹೊರಟವರು 68 ಮಂದಿ, ಗುರಿ ಮುಟ್ಟಿದವರು 40. ಉಳಿದ 28 ಮಂದಿ ದಾರಿಯಲ್ಲೇ ನಿಂತರು, ಕೆಲವರನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ಯಬೇಕಾಯಿತು. ಇವರೆಲ್ಲ ಜಗತ್ತಿನ ಶ್ರೇಷ್ಠ ಓಟಗಾರ್ತಿಯರು ಎಂಬುದನ್ನು ಮರೆಯಬೇಡಿ.

ಇದಕ್ಕೆ ಎದುರಾಗಿ ನಮ್ಮ ನಾಡಿನದೇ ಒಂದು ಹಳೆಯ ಓಟವಿದೆ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್‌ನಲ್ಲಿ ಒಲಿಂಪಿಕ್ಸ್ ನಡೆದಾಗ ಬೆಳಗಾವಿಯ ಯುವಕ ಫಡೆಪ್ಪ ದಾರೆಪ್ಪ ಚೌಗುಲೆ ಮ್ಯಾರಥಾನ್ ಓಡಿದರು. ಒಲಿಂಪಿಕ್ ಮ್ಯಾರಥಾನಿನಲ್ಲಿ ಗುರಿ ಮುಟ್ಟಿದ ಭಾರತೀಯರಲ್ಲಿ ಅವರು ಮೊದಲಿಗರು. ಆ ಸಲ ದೂರವೂ ಇಂದಿನದಕ್ಕಿಂತ ಹೆಚ್ಚು, 42 ಕಿಲೋಮೀಟರ್ 750 ಮೀಟರ್. ಆ ದಿನ ಹವೆ ತಂಪಾಗಿತ್ತು, ಮಳೆ ಜಿನುಗುತ್ತಿತ್ತು. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಗುರಿ ಮುಟ್ಟಿ 19ನೆಯವರಾದರು. ನೂರು ವರ್ಷಗಳ ನಂತರವೂ ನಮ್ಮ ಎಷ್ಟೋ ಓಟಗಾರರು ಆ ಸಮಯವನ್ನು ಮುಟ್ಟಲು ಹೆಣಗುತ್ತಾರೆ. ಸಾಧನೆ ಅವರ ಕಾಲುಗಳದು, ಸಂದೇಹವಿಲ್ಲ. ಆದರೆ ಆ ತಂಪು ಹವೆಯೂ ಅವರ ಪಕ್ಷದಲ್ಲಿತ್ತು. ಬೆಳಗಾವಿಯಲ್ಲಿ ಒಲಿಂಪಿಕ್ಸಿನ ಆ ಹೆಸರು ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು ಎಂಬುದು ಬೇರೆ ಮಾತು.

ಹಾಗಾದರೆ ವಿಜಯಪುರದ ಹುಡುಗರು ಅದೃಷ್ಟವಂತರು, ಮಾತು ಮುಗಿಯಿತು ಎನ್ನಬಹುದೇ? ನನ್ನ ಚಿಂತೆ ಆರಂಭವಾಗುವುದೇ ಇಲ್ಲಿಂದ. ಆ ಗುಂಪಿನ ಗುರು ಎಂದೆನಲ್ಲ, ಟಿಕೋಟಾ ಕಡೆಯ ಆ ಯುವಕ ಹೇಳಿದ ಮಾತು ಇದು:

“ಹೋದ ವರ್ಷ ಇಲ್ಲಿ ಐದು ನಿಮಿಷ ನಲವತ್ತು ಸೆಕೆಂಡಿಗೆ ಮುಗಸ್ತಿದ್ನಿರೀ ಸರ್. ಅಲ್ಲಿ ಹೋದ ಮ್ಯಾಲೆ ಮುಂಜಾನೆ ಆರಕ್ಕ ಸಾಲಿನ್ಯಾಗ ನಿಂತವನಿಗೆ ಪಾಳಿ ಬಂದಿದ್ದು ಹನ್ನೊಂದೂವರೀಕ. ಮೂರನೇ ಸುತ್ತಿನ್ಯಾಗ ಕಣ್ಣಿಗಿ ಕತ್ತಲಿ ಬಂತ್ರೀ. ಮುಂದ ಏನಾತು ನನಗ ನೆನಪಿಲ್ಲ.”

ಪರೀಕ್ಷೆ ಡಿಸೆಂಬರಿನ ನಸುಕಿನಲ್ಲಿ ಬರುವುದಿಲ್ಲ. ಏಪ್ರಿಲಿನ ಬಿಸಿಲಲ್ಲಿ, ಬೇರೆ ಊರಿನ ಮೈದಾನದಲ್ಲಿ, ಅರೆಹೊಟ್ಟೆಯಲ್ಲಿ, ನಿದ್ದೆಗೆಟ್ಟ ರಾತ್ರಿಯ ಮರುದಿನ ಬರಬಹುದು. 1600 ಮೀಟರ್ ಓಟ ಚಿಕ್ಕದು. ನಮ್ಮ ಲೆಕ್ಕದಂತೆ ಒಂದೂವರೆ ಡಿಗ್ರಿಗಿಂತ ಹೆಚ್ಚು ಮೈ ಕಾಯಲಾರದು. ಆದರೆ ಐದು ಗಂಟೆ ಬಿಸಿಲಲ್ಲಿ ನೀರಿಲ್ಲದೆ ನಿಂತವನು ಓಡುವ ಮೊದಲೇ ಅರ್ಧ ಕಾದಿರುತ್ತಾನೆ. ಓಟದ ಶಾಖ ಅದರ ಮೇಲೆ ಸೇರುತ್ತದೆ.

ಓಟ ಉದ್ದವಾದರೆ ಏನಾಗುತ್ತದೆ ಎಂಬುದನ್ನು 2024ರಲ್ಲಿ ಜಾರ್ಖಂಡ್ ರಾಜ್ಯ ಕಂಡಿತು. ಅಲ್ಲಿ ಅಬಕಾರಿ ಕಾನ್ಸ್‌ಟೇಬಲ್ ಹುದ್ದೆಗಳಿಗೆ ಪುರುಷರು 10 ಕಿಲೋಮೀಟರನ್ನು 60 ನಿಮಿಷದಲ್ಲಿ ಓಡಬೇಕಿತ್ತು. ಆಗಸ್ಟ್ ಕೊನೆಯಲ್ಲಿ ಆರಂಭವಾದ ಆ ಪರೀಕ್ಷೆಗಳ ವೇಳೆ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸಾವಿಗೀಡಾದರು. ಪ್ರತಿಯೊಬ್ಬರ ಸಾವಿಗೂ ಒಂದೇ ಕಾರಣವಿತ್ತೆಂದು ಹೇಳಲಾಗದು. ಆದರೆ ಮಳೆಗಾಲದ ನಡುವಿನ ಸೆಕೆ, ತೇವ, ಬಿಸಿಲು ಮತ್ತು ದೂರ ಇವು ಒಟ್ಟಿಗೆ ಸೇರಿದ್ದವು. ಸರಕಾರ ಪರೀಕ್ಷೆಯನ್ನು ಕೆಲವು ದಿನ ನಿಲ್ಲಿಸಿ, ಮುಂದೆ ಬೆಳಿಗ್ಗೆ ಒಂಬತ್ತರ ನಂತರ ಓಡಿಸಬಾರದೆಂದು ಹೇಳಿತು. ಆ ಹುಡುಗರ ವಯಸ್ಸು ನಿಮ್ಮ ಅಣ್ಣಂದಿರ ವಯಸ್ಸು.

ನನ್ನದೂ ಒಂದು ಅನುಭವವಿದೆ. 1999ರ ಮಾರ್ಚ್ ತಿಂಗಳು, ಅಂತರಕಾಲೇಜು ಗುಡ್ಡಗಾಡು ಓಟ. ಬೆಳಿಗ್ಗೆ ಏಳಕ್ಕೆ ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಮುಖ್ಯ ಅತಿಥಿಗಳು ಬಂದು ಹಸಿರು ಬಾವುಟ ಬೀಸಿದಾಗ ಹನ್ನೊಂದು ಗಂಟೆ. ಆರನೇ ಕಿಲೋಮೀಟರಿನ ಹೊತ್ತಿಗೆ ನಾನು ನೇರ ದಾರಿ ಬಿಟ್ಟು ಜಾಲಿ ಕಂಟಿಯ ಕಡೆ ಓಡುತ್ತಿದ್ದೆನಂತೆ, ಜೊತೆಗಿದ್ದವನಿಗೆ ಬೈಯುತ್ತಿದ್ದೆನಂತೆ. ಹೊಲದಲ್ಲಿದ್ದ ಒಬ್ಬ ಅಜ್ಜಿ ನನ್ನನ್ನು ಮರದ ನೆರಳಿಗೆ ಎಳೆಸಿ ಇಡೀ ಕೊಡದ ನೀರನ್ನು ತಲೆ, ಎದೆಯ ಮೇಲೆ ಸುರುವಿ ಸೆರಗಿನಿಂದ ಗಾಳಿ ಹಾಕಿದರು. ಅದನ್ನು ಆಕೆ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆದರೆ ಇಂದಿನ ವೈದ್ಯಶಾಸ್ತ್ರ ಹೇಳುವುದೂ ಅದನ್ನೇ. ಓಡುತ್ತಿರುವವನು ತೂರಾಡಿದರೆ, ಅಸಂಬದ್ಧ ಮಾತಾಡಿದರೆ, ಸಿಟ್ಟಾದರೆ ಅದು ಆಯಾಸವಲ್ಲ, ಉಷ್ಣಾಘಾತವಿರಬಹುದು. ಬೆವರು ಬರುತ್ತಿದ್ದರೂ ಉಷ್ಣಾಘಾತವಾಗಬಲ್ಲದು. 108ಕ್ಕೆ ಕರೆ ಮಾಡಿ, ಆದರೆ ವಾಹನ ಬರುವವರೆಗೆ ಕಾಯುತ್ತ ಕೂಡಬೇಡಿ. ನೆರಳು, ಮೈತುಂಬ ತಣ್ಣೀರು, ಗಾಳಿ ಇವು ಮೊದಲು. ಸಿಕ್ಕರೆ ತೊಟ್ಟಿಯ ನೀರಿನಲ್ಲೇ ಕುತ್ತಿಗೆಯವರೆಗೆ ಕೂಡಿಸಿ ತಲೆ ಹಿಡಿದುಕೊಳ್ಳಿ. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ನೀರು ಹಾಕಬೇಡಿ.

ಇನ್ನು ಟಿಕೋಟಾದ ಯುವಕ ಕೇಳಿದ ಪ್ರಶ್ನೆ: “ಹಂಗಾರ ನಾವು ಬಿಸಿಲಾಗ ಓಡಬೇಕೇನ್ರೀ?” ಉತ್ತರ ಹೌದು ಮತ್ತು ಅಲ್ಲ. ವೇಗ, ದೂರ ಎರಡನ್ನೂ ಕಟ್ಟಿಕೊಳ್ಳಬೇಕಾದದ್ದು ಈ ತಂಪು ನಸುಕಿನಲ್ಲೇ. ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆದರೆ ಪರೀಕ್ಷೆಯ ದಿನ ಗೊತ್ತಾದ ಮೇಲೆ ಕೊನೆಯ ಎರಡು ವಾರ ದೇಹಕ್ಕೆ ಬಿಸಿಲಿನ ಪರಿಚಯ ಮಾಡಿಸಬೇಕು. ಮೊದಲ ದಿನ ಎಂಟೂವರೆಯ ಬಿಸಿಲಲ್ಲಿ ಹದಿನೈದು ನಿಮಿಷ ನಿಧಾನದ ಓಟ. ಮರುದಿನ ಸ್ವಲ್ಪ ಹೆಚ್ಚು. ಹೀಗೆ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ದೇಹ ಬದಲಾಗುತ್ತದೆ. ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಎದೆಬಡಿತ ಇಳಿಯುತ್ತದೆ. ಬಿಸಿಲು ಬಿಟ್ಟರೆ ಕೆಲವೇ ವಾರಗಳಲ್ಲಿ ಈ ಗಳಿಕೆ ಕರಗುತ್ತದೆ, ಆದ್ದರಿಂದ ತೀರ ಮೊದಲೇ ಮಾಡಿಟ್ಟುಕೊಳ್ಳಲು ಬರುವುದಿಲ್ಲ. ಜ್ವರ, ಭೇದಿ ಇದ್ದ ದಿನ ಓಟವೇ ಬೇಡ. ಒಬ್ಬರೇ ಓಡುವುದೂ ಬೇಡ. ಕುಡಿಯಲು ಉಪ್ಪು ಹಾಕಿದ ಮಜ್ಜಿಗೆ ಸಾಕು, ಬಣ್ಣದ ಬಾಟಲಿಯೇ ಆಗಬೇಕೆಂದಿಲ್ಲ.

ನಸುಕಿನ ಓಟದಲ್ಲೂ ಅಪಾಯಗಳಿಲ್ಲದಿಲ್ಲ. ಬಬಲೇಶ್ವರ ಕಡೆಯ ರಸ್ತೆಗಳಲ್ಲಿ ಚಳಿಗಾಲವೆಂದರೆ ಕಬ್ಬು ನುರಿಸುವ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂಬದಿಯ ದೀಪವಿಲ್ಲದೆ ಬರುತ್ತವೆ. ಬಿಳಿ ಅಂಗಿ ಹಾಕಿ, ವಾಹನ ಎದುರಿಗೆ ಬರುವ ಬದಿಯಲ್ಲಿ ಓಡಿ, ಕಿವಿಗೆ ಹಾಡು ಬೇಡ. ಟಿಕೋಟಾ ಸುತ್ತಿನ ದ್ರಾಕ್ಷಿ ತೋಟಗಳ ಪಕ್ಕದ ದಾರಿ ಕಣ್ಣಿಗೆ ಹಬ್ಬ, ಆದರೆ ಔಷಧಿ ಸಿಂಪಡಿಸುವುದೂ ಅದೇ ಹೊತ್ತಿಗೆ. ವಾಸನೆ ಬಂದರೆ ಹಿಂತಿರುಗಿ. ಅಂದ ಹಾಗೆ, ಓಟಗಾರ ಹಾಡಿಹೊಗಳುವ ಈ ಇಬ್ಬನಿಯ ಮುಂಜಾವನ್ನು ದ್ರಾಕ್ಷಿ ಬೆಳೆಗಾರ ಹೆದರಿಕೆಯಿಂದ ನೋಡುತ್ತಾನೆ, ಎಲೆಯ ಮೇಲಿನ ತೇವ ಶಿಲೀಂಧ್ರ ರೋಗಕ್ಕೆ ದಾರಿ. ಪಕ್ಕದ ಹೊಲದ ಹಿಂಗಾರಿ ಜೋಳ ಅದೇ ಇಬ್ಬನಿ ಕುಡಿದು ತೆನೆ ಕಟ್ಟುತ್ತದೆ. ನಗರದೊಳಗೆ ಕೋಟೆಗೋಡೆಯ ಸುತ್ತ ಓಡುವವರು ಇನ್ನೊಂದನ್ನು ಗಮನಿಸಬೇಕು. ತಣ್ಣನೆಯ ನೆಲದ ಮೇಲೆ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತಿರುವುದರಿಂದ ಕಸ ಸುಟ್ಟ ಹೊಗೆ, ಲಾರಿಯ ಹೊಗೆ ಮೇಲೇರದೆ ಮೂಗಿನ ಮಟ್ಟದಲ್ಲೇ ಹರಡಿರುತ್ತದೆ. ಹೊಗೆ ಕಂಡ ದಿನ ಊರ ಹೊರಗೆ ಹೋಗಿ.

ಏಳೂಕಾಲರ ಹೊತ್ತಿಗೆ ಬಿಸಿಲು ಕೆರೆಯ ಮೇಲೆ ಬಿತ್ತು. ಹಬೆ ಕರಗಿತು. ನಮಗೆ ಬೇಕಾದ ದೃಶ್ಯಗಳೆಲ್ಲ ಸಿಕ್ಕಿದ್ದವು. ಹತ್ತಿರದ ಗೂಡಂಗಡಿಯೊಳಗೆ ಚಹಾ ಕುಡಿಯಲು ಹೋದಾಗ ಕುದಿಯುವ ಪಾತ್ರೆಯ ಪಕ್ಕದಲ್ಲಿ ನನ್ನ ಕನ್ನಡಕಕ್ಕೆ ಮಂಜು ಕಟ್ಟಿತು. ಜಾಕೀಟಿನ ಹುಡುಗ ಅದನ್ನು ತೋರಿಸಿ, “ಸರ್, ಕಾರವಾರ!” ಎಂದ.

ಹೊರಡುವಾಗ ಉಪ್ಪಿಲ್ಲದ ಸಮುದ್ರದ ಆ ಹುಡುಗಿ ಉಷ್ಣಮಾಪಕವನ್ನು ಕೇಳಿ ಪಡೆದಳು. ಅವಳ ಹತ್ತಿರ ಒಂದು ಇನ್ನೂರು ಪುಟದ ನೋಟುಪುಸ್ತಕವಿತ್ತು, ಅದರಲ್ಲಿ ಎಲ್ಲರ ಓಟದ ಸಮಯ ಬರೆದಿಡುತ್ತಾಳೆ. ಆ ದಿನ ಪುಟದ ಅಂಚಿನಲ್ಲಿ ಹೊಸದಾಗಿ ಒಂದು ಗೆರೆ ಎಳೆದು, ಅದರ ಪಕ್ಕ ಬರೆದಳು: ‘ಆರು ಗಂಟೆ, 13 ಡಿಗ್ರಿ.’ ಕೆಳಗಿನ ಸಾಲನ್ನು ಖಾಲಿ ಬಿಟ್ಟು, “ಬಿಸಿಲಿನ ಹೊತ್ತಿಂದು ಏಪ್ರಿಲಿನ್ಯಾಗ ಬರೀತೀನ್ರಿ” ಎಂದಳು.